ಕೊರೆಯುವ ಚಳಿಯೂ ಮಾನವ ದೇಹವೂ

೨೦೧೬ನೆಯ ಇಸವಿಯ ಫೆಬ್ರುವರಿ ೩ರಂದು, ಸಿಯಾಚಿನ್ ಹಿಮನದಿಯಲ್ಲಿ ಸುಮಾರು ೧೯,೬೦೦ ಅಡಿಗಳ ಎತ್ತರದಲ್ಲಿದ್ದ ಸೈನಿಕ ಠಾಣ್ಯದ ಮೇಲೆ ಹಿಮರಾಶಿ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಐದು ದಿನಗಳ ಅನಂತರ ಅಗೆದು ನೋಡಿದಾಗ ಧಾರವಾಡ ಜಿಲ್ಲೆಯ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಇನ್ನೂ ಉಸಿರಾಡುತ್ತಿದ್ದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ ೧೧ರಂದು ಅವರು ಕೊನೆಯುಸಿರೆಳೆದರು. ಅಂತಹ ಚಳಿಯಲ್ಲಿ ದೇಹವು ಜೀವವನ್ನು ಹಿಡಿದಿಡುವುದಾದರೂ ಹೇಗೆ?

ಇದು ಮೂಲತಃ ಶಾಖದ ಜಮಾಖರ್ಚಿನ ಲೆಕ್ಕ. ನಮ್ಮ ಒಳಮೈಯ ಉಷ್ಣತೆ ಸುಮಾರು ೩೭ ಡಿಗ್ರಿ ಸೆಂಟಿಗ್ರೇಡ್. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹ ಗಂಟೆಗೆ ಸುಮಾರು ೭೦ ಕಿಲೊಕ್ಯಾಲೊರಿ ಶಾಖವನ್ನು ಉತ್ಪಾದಿಸುತ್ತದೆ. ೬೦ ಕಿಲೊಗ್ರಾಂ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ, ಉತ್ಪತ್ತಿಯಾದುದಕ್ಕಿಂತ ಸುಮಾರು ೫೦ ಕಿಲೊಕ್ಯಾಲೊರಿ ಹೆಚ್ಚಾಗಿ ಹೊರಹೋಗಬೇಕು.

ಈ ನಷ್ಟವನ್ನು ತಡೆಯಲು ದೇಹವು ಮೊದಲು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬಿಸಿ ರಕ್ತ ಒಳಗೇ ಉಳಿಯುತ್ತದೆ. ತಣ್ಣಗಾದ ಚರ್ಮವೇ ಹೊದಿಕೆಯಾಗುತ್ತದೆ. ಆದರೆ ಇದಕ್ಕೆ ಬೆರಳುಗಳು ಬೆಲೆ ತೆರಬೇಕಾಗುತ್ತದೆ. ಅಂಗಾಂಶದ ಉಷ್ಣತೆ ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗಿಳಿದರೆ ಜೀವಕೋಶಗಳ ನಡುವಣ ದ್ರವ ಹೆಪ್ಪುಗಟ್ಟಲಾರಂಭಿಸಬಹುದು. ಉಳಿದ ದ್ರವದಲ್ಲಿ ಲವಣಗಳು ಸಾಂದ್ರವಾಗಿ, ಕೋಶಗಳೊಳಗಿನ ನೀರನ್ನು ಹೊರಕ್ಕೆಳೆಯುತ್ತವೆ, ಕೋಶಗಳು ನಾಶವಾಗುತ್ತವೆ.

ಎರಡನೆಯ ಉಪಾಯ ನಡುಕ. ಇಲ್ಲಿ ಸ್ನಾಯುಗಳು ಹೊರಗೆ ಯಾವ ಕೆಲಸವನ್ನೂ ಮಾಡದಿರುವುದರಿಂದ ಅವುಗಳ ಶಕ್ತಿಯೆಲ್ಲ ಶಾಖವಾಗುತ್ತದೆ. ಉತ್ಪತ್ತಿ ಐದು ಪಟ್ಟಿನವರೆಗೂ ಏರಬಹುದು. ಆದರೆ ಒಳಮೈ ಸುಮಾರು ೩೨ ಡಿಗ್ರಿಗೆ ಇಳಿದ ಮೇಲೆ ನಡುಕ ಕುಂದುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಕ ನಿಂತಿತೆಂದು ಸಮಾಧಾನಪಡುವುದು ಅಪಾಯಕರ.

ಸುತ್ತಣ ವಸ್ತುವೂ ಮುಖ್ಯ. ನೀರು ನಿಶ್ಚಲವಾದ ಗಾಳಿಗಿಂತ ಸುಮಾರು ೨೫ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಒದ್ದೆ ಬಟ್ಟೆ ಶತ್ರು. ಕಂಬಳಿ ನಮ್ಮನ್ನು ಕಾಯುವುದು ಅದರಲ್ಲಿ ಸೆರೆಯಾದ ಗಾಳಿಯಿಂದ. ಹಿಮದಲ್ಲಿಯೂ ಗಾಳಿ ಸೆರೆಯಾಗಿರುತ್ತದೆ. ಅದು ಬೀಸುಗಾಳಿಗೂ ಅಡ್ಡವಾಗುತ್ತದೆ. ಉಸಿರಾಟಕ್ಕೆ ಎಡೆ ದೊರೆತರೆ, ಹೂತ ಹಿಮವೇ ಹೊರಗಿನ ಕೊರೆತದಿಂದ ಕೊಂಚ ಮರೆ ನೀಡಬಲ್ಲುದು.

ಇನ್ನೊಂದು ವಿಚಿತ್ರವಿದೆ: ಕೊಲ್ಲುವ ಚಳಿಯೇ ಒಮ್ಮೊಮ್ಮೆ ಕಾಯುತ್ತದೆ. ೧೯೯೯ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಸ್ವೀಡನ್ನಿನ ತರುಣ ವೈದ್ಯೆಯೊಬ್ಬರು ತೊರೆಯ ಮಂಜುಗಡ್ಡೆಯಡಿಯಲ್ಲಿ ೮೦ ನಿಮಿಷಗಳ ಕಾಲ ಸಿಕ್ಕಿಬಿದ್ದರು. ಗಾಳಿಯ ಗೂಡೊಂದು ದೊರೆತುದರಿಂದ ಸುಮಾರು ೪೦ ನಿಮಿಷ ಉಸಿರಾಡಿದರು. ಅನಂತರ ಹೃದಯ ನಿಂತಿತು. ಒಳಮೈಯ ಉಷ್ಣತೆ ೧೩.೭ ಡಿಗ್ರಿಗೆ ಇಳಿದಿತ್ತು. ಟ್ರೊಮ್ಸೊ ನಗರದ ಆಸ್ಪತ್ರೆಯಲ್ಲಿ ಯಂತ್ರದ ಮೂಲಕ ರಕ್ತವನ್ನು ಹೊರಗೆ ಬೆಚ್ಚಗಾಗಿಸಿ ಮರಳಿ ಹರಿಸಿದರು. ಅವರು ಬದುಕಿದರು, ವೈದ್ಯವೃತ್ತಿಗೂ ಮರಳಿದರು. ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಮಿದುಳಿನ ಆಮ್ಲಜನಕದ ಬೇಡಿಕೆ ಸುಮಾರು ನೂರಕ್ಕೆ ಆರೇಳರಷ್ಟು ಕುಗ್ಗುತ್ತದೆ. ಹೃದಯ ನಿಲ್ಲುವ ಮೊದಲೇ ಮಿದುಳು ತಣ್ಣಗಾಗಿದ್ದುದೇ ಅವರ ಪಾಲಿನ ಅದೃಷ್ಟ.

ಆದುದರಿಂದಲೇ ಚಳಿಯಲ್ಲಿ ಮರಗಟ್ಟಿದವರನ್ನು ಬೆಚ್ಚಗಾಗಿಸಿ ನೋಡದೆ ಸತ್ತರೆಂದು ಕೈಬಿಡಬಾರದೆಂಬುದು ವೈದ್ಯರ ನಿಯಮ. ಅಂಥವರ ಒದ್ದೆ ಬಟ್ಟೆ ತೆಗೆದು, ಒಣಹೊದಿಕೆ ಹೊದಿಸಿ, ಮೆಲ್ಲಗೆ ಎತ್ತಿ ಸಾಗಿಸಬೇಕು. ಹೆಪ್ಪುಗಟ್ಟಿದ ಕೈಕಾಲುಗಳನ್ನು ಉಜ್ಜಬಾರದು. ಮದ್ಯವನ್ನಂತೂ ಕೊಡಲೇಬಾರದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ದೇಹವು ಕಷ್ಟಪಟ್ಟು ಒಳಗಿರಿಸಿಕೊಂಡ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ.