ಬಿಲ್ ಇದೆ, ಮಾಲು ಬಂದದ್ದಕ್ಕೆ ಸಾಕ್ಷಿ ಇದೆಯೇ?

ಪ್ರಶ್ನೆ: ಗುಂಡ್ಲುಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಹಿಂದೊಮ್ಮೆ ಮೈಸೂರಿನ ಹೋಲ್‌ಸೇಲ್ ವ್ಯಾಪಾರಿಯಿಂದ 10 ಲಕ್ಷ ರೂಪಾಯಿಯ ಕಬ್ಬಿಣದ ಕಂಬಿ ತರಿಸಿದ್ದೆ. ಶೇ 18 ಜಿಎಸ್‌ಟಿ, ಅಂದರೆ 1.80 ಲಕ್ಷ ಸೇರಿಸಿ ಪೂರ್ತಿ ಹಣ ಬ್ಯಾಂಕಿನಲ್ಲೇ ಕಟ್ಟಿದೆ. ಈಗ ಅವರದು ನಕಲಿ ಬಿಲ್ ದಂಧೆಯಂತೆ. ನಾನು ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ, ದಂಡ ಸಮೇತ ಕಟ್ಟಬೇಕೆಂದು ನೋಟಿಸ್ ಬಂದಿದೆ. ಯಾರೋ ಮಾಡಿದ ಮೋಸಕ್ಕೆ ನಾನೇಕೆ ಕಟ್ಟಬೇಕು ಸರ್? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಸಂಕಟ ನ್ಯಾಯವಾದದ್ದೇ. ಆದರೆ ಹಣ ಕೊಟ್ಟಿದ್ದೇನೆ ಎಂಬ ಒಂದೇ ಮಾತಿನಿಂದ ಈ ನೋಟಿಸ್ ಹೋಗುವುದಿಲ್ಲ. ಕ್ರೆಡಿಟ್ ಕೇಳುವವನೇ ಅದಕ್ಕೆ ತಾನು ಅರ್ಹನೆಂದು ತೋರಿಸಬೇಕು ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 155ನೇ ಕಲಮು.

ವ್ಯಾಟ್ ಕಾಲದಲ್ಲೂ ನಿಯಮ ಹೀಗೆಯೇ ಇತ್ತು. ನಮ್ಮ ರಾಜ್ಯದ ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ಪ್ರಕರಣದಲ್ಲಿ ಕಾಫಿ ಮಾರಿದವರೆನ್ನಲಾದ ಕೆಲವರ ನೋಂದಣಿ ರದ್ದಾಗಿತ್ತು, ಕೆಲವರು ಮಾರಿಯೇ ಇಲ್ಲ ಎಂದಿದ್ದರು. ಹೈಕೋರ್ಟ್ ಖರೀದಿದಾರರ ಪರ ನಿಂತರೂ, ಬಿಲ್ಲು ಮತ್ತು ಚೆಕ್ಕು ಮಾತ್ರ ಸಾಲದು ಎಂದು 2023ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾರಿದವರ ಹೆಸರು-ವಿಳಾಸ, ಸಾಗಿಸಿದ ವಾಹನದ ವಿವರ, ಬಾಡಿಗೆ ಕೊಟ್ಟ ದಾಖಲೆ, ಮಾಲು ಕೈಸೇರಿದ ರಸೀದಿ, ಇವೆಲ್ಲ ಬೇಕೆಂದಿತು.

ಆದ್ದರಿಂದ ಇವತ್ತೇ ಕಡತ ತೆರೆಯಿರಿ. ಇ-ವೇ ಬಿಲ್, ಲಾರಿ ನಂಬರು, ಎಲ್‌ಆರ್ (ಲಾರಿ ರಸೀದಿ), ತೂಕದ ಚೀಟಿ, ಹಮಾಲಿ ಕೂಲಿ ಬರೆದ ಪುಸ್ತಕ, ಸ್ಟಾಕ್ ಪುಸ್ತಕ ಎಲ್ಲವನ್ನೂ ತೆಗೆಯಿರಿ. ಆ ಕಂಬಿಯನ್ನು ಯಾರ್‍ಯಾರಿಗೆ ಮಾರಿದಿರಿ ಎಂಬ ನಿಮ್ಮದೇ ಬಿಲ್ಲುಗಳೂ ಗಟ್ಟಿ ಸಾಕ್ಷಿ. ಲಾರಿ ಕಡಕೊಳದ ಟೋಲ್ ದಾಟಿದ್ದರೆ ಮಾಲೀಕರಿಂದ ಫಾಸ್ಟ್ಯಾಗ್ ವಿವರ ಕೇಳಿ ಪಡೆಯಿರಿ. ಖರೀದಿಯ ದಿನ ಮಾರಿದವರ ನೋಂದಣಿ ಊರ್ಜಿತವಾಗಿತ್ತೇ, ಬಿಲ್ಲು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿತ್ತೇ ಎಂಬುದನ್ನೂ ಸೇರಿಸಿ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಸಲ್ಲಿಸಿ, ಖುದ್ದು ವಿಚಾರಣೆಗೆ ಅವಕಾಶ ಕೊಡಿ ಎಂದು ಬರೆದೇ ಕೇಳಿ. ಆದೇಶ ವಿರುದ್ಧವಾಗಿ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ವಿವಾದಿತ ತೆರಿಗೆಯ ಶೇ 10ರಷ್ಟು ಮೊದಲೇ ಕಟ್ಟಬೇಕಾಗುತ್ತದೆ. ಸುಮ್ಮನೆ ಕೂತರೆ ಮಾತ್ರ ಏಕಪಕ್ಷೀಯ ಆದೇಶ ಬರುತ್ತದೆ.

ಮಾಲು ಬಂದದ್ದು ನಿಜ, ಆದರೆ ಮಾರಿದವರು ಸರ್ಕಾರಕ್ಕೆ ತೆರಿಗೆ ಕಟ್ಟಿಲ್ಲ ಎಂದಾದರೂ ಗಂಡಾಂತರ ತಪ್ಪದು. ಅವರು ಕಟ್ಟಿರಲೇಬೇಕು ಎಂಬುದು 16ನೇ ಕಲಮಿನ ಷರತ್ತು. ಪ್ರಾಮಾಣಿಕ ಖರೀದಿದಾರನಿಗೆ ಇದು ಕಠೋರ ಎಂದೇ ನನ್ನ ಅಭಿಪ್ರಾಯ. ಆದರೂ ಮಾಲು ನಿಜವಾಗಿ ಬಂದಿತ್ತು ಎಂದು ತೋರಿಸಿದರೆ ವಂಚನೆಯ ಆರೋಪವನ್ನೂ ಅದರ ಭಾರೀ ದಂಡವನ್ನೂ ಎದುರಿಸಲು ನಿಮಗೆ ಬಲ ಬರುತ್ತದೆ.

ಮಾಲೇ ಬಾರದೆ ಬಿಲ್ಲು ಮಾತ್ರ ತಂದಿದ್ದರೆ ನನ್ನಲ್ಲಿ ಬೇರೆ ಉತ್ತರವಿಲ್ಲ: ಸುಳ್ಳು ಕಾಗದ ಸೃಷ್ಟಿಸಬೇಡಿ, ಬೇಗ ಕಟ್ಟಿ, ದಂಡ ಕಡಿಮೆಯಾಗುತ್ತದೆ. ಮಾಲು ಬಂದಿದ್ದರೆ ಹೆದರಿ ಕಟ್ಟಿಬಿಡಬೇಡಿ. ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಈ ವಾರವೇ ನಿಮ್ಮ ಲೆಕ್ಕಪರಿಶೋಧಕರನ್ನು ಕಾಣಿ.