ರಿಪೇರಿಗೆ ಹೊರಟ ರಿವಾಲ್ವರ್

ಹಾಸನದಲ್ಲಿ ವಕೀಲಿಕೆ ಮಾಡುತ್ತ ಬಂದೂಕು ಲೈಸೆನ್ಸಿನ ಕಡತಗಳನ್ನೂ ಗ್ರಾಹಕರ ದೂರುಗಳನ್ನೂ ಬಹಳ ಕಾಲದಿಂದ ನೋಡುತ್ತಿದ್ದೇನೆ. ಅರಕಲಗೂಡು ಕಡೆಯವರ ಹತ್ತಿರ ಇರುವುದು ಹೆಚ್ಚಾಗಿ ಬೆಳೆ ಕಾಯುವ ಕೋವಿ. ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ಬರುವವರಲ್ಲಿ ನಗದು ಹೊತ್ತು ಓಡಾಡುವ ವ್ಯಾಪಾರಿಗಳಿದ್ದಾರೆ, ತೋಟದ ಒಂಟಿ ಮನೆಯವರಿದ್ದಾರೆ. ಅವರದು ಬಹುಪಾಲು .32 ರಿವಾಲ್ವರ್. ಹೊಸ ರಿವಾಲ್ವರ್ ಕೈಕೊಟ್ಟಾಗ, ‘ಬಿಲ್ಲಿದೆ, ವಾರಂಟಿ ಇದೆ, ಕಂಪನಿಗೆ ಕಳಿಸಿದರಾಯಿತು’ ಎಂದುಕೊಂಡೇ ಬರುತ್ತಾರೆ. ಕೆಟ್ಟ ಪಂಪ್‌ಸೆಟ್ಟನ್ನು ಟೆಂಪೋಗೆ ಹಾಕಿ ಕಳಿಸಿದ ಹಾಗೆ ಇದನ್ನು ಕಳಿಸಲು ಬರುವುದಿಲ್ಲ. ಮನೆಯ ಬೀರು ಬಿಟ್ಟ ಗಳಿಗೆಯಿಂದ ಮರಳಿ ಬರುವವರೆಗೂ ಅದು ಯಾರ ವಶದಲ್ಲಿದೆ, ಯಾವ ಅಧಿಕಾರದ ಮೇಲೆ ಇದೆ ಎಂದು ತೋರಿಸುವ ಕಾಗದ ಇರಲೇಬೇಕು.

1. ದೋಷ ಆಯುಧದ್ದೋ ತೋಟಾದ್ದೋ, ಮೊದಲು ಅದು ತಿಳಿಯಬೇಕು.

ಕುದುರೆ ಎಳೆದರೂ ಗುಂಡು ಹಾರಲಿಲ್ಲವೆಂದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಸಿಡಿಯುವ ತೋಟಾಗಳೂ ಉಂಟು. ಆಮೇಲೆ ತೋಟಾ ತೆಗೆದು ಅದರ ಬೆನ್ನು ನೋಡಿ. ಸುತ್ತಿಗೆ ಹೊಡೆದ ಗುರುತು ತೀರಾ ಮೇಲುಮೇಲಿದ್ದರೆ ಸ್ಪ್ರಿಂಗಿನ ಮೇಲೋ ಪಿನ್ನಿನ ಮೇಲೋ ಅನುಮಾನ ಪಡಬೇಕು. ಗುರುತು ಆಳವಾಗಿದ್ದೂ ಹಾರದಿದ್ದರೆ ತಪ್ಪು ತೋಟಾದ್ದೇ ಇರಬಹುದು. ಸಿಲಿಂಡರಿನ ಆರು ಮನೆಗಳಲ್ಲಿ ಒಂದು ಮಾತ್ರ ನಳಿಗೆಗೆ ನೇರ ನಿಲ್ಲುವುದಿಲ್ಲವಾದರೆ ಅದು ತಯಾರಿಕೆಯ ದೋಷ ಎನ್ನಲು ಬಲವಾದ ಆಧಾರ. ಇದನ್ನೆಲ್ಲ ತಾರೀಖು ಹಾಕಿ ಬರೆದಿಡಿ, ಫೋಟೋ ತೆಗೆದಿಡಿ.

ಮಳೆಗಾಲದ ತೇವವನ್ನೂ ಮರೆಯಬಾರದು. ರಿವಾಲ್ವರನ್ನು ಚರ್ಮದ ಚೀಲದಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಚರ್ಮ ಹೀರಿದ ತೇವ ಉಕ್ಕಿಗೆ ಇಳಿಯುತ್ತದೆ. ಆ ತುಕ್ಕನ್ನು ಕಂಡ ಕೂಡಲೇ ಕಂಪನಿಯವರು ‘ನಿರ್ವಹಣೆಯ ಕೊರತೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಚೀಲದಿಂದ ಹೊರಗಿಡುವುದು ಲೇಸು.

2. ಊರಿನಲ್ಲಿ ಯಾರ ಕೈಗೂ ಕೊಡಬೇಡಿ.

“ವಕೀಲ್ರೇ, ನಮ್ಮೂರ ಕುಲುಮೆಯವನು ಎಂಥ ಕೋವೀನಾದ್ರೂ ಸರಿ ಮಾಡ್ತಾನೆ” ಎನ್ನುವವರಿದ್ದಾರೆ. ಆತನ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸಲು ಮಾತ್ರವಲ್ಲ, ರಿಪೇರಿ ಮಾಡಲು, ಪರೀಕ್ಷಿಸಿ ನೋಡಲು ಕೂಡ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಈ ಕಲಮು ಮುರಿದವರಿಗೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಒಂದು ಸ್ಪ್ರಿಂಗಿಗಾಗಿ ಒಬ್ಬ ಬಡ ಕುಶಲಕರ್ಮಿಯನ್ನು ಅಂಥ ಕೇಸಿನೊಳಗೆ ನೂಕುವುದು ಅನ್ಯಾಯ. ವಾರಂಟಿ ಅಲ್ಲಿಗೇ ಮುಗಿಯುವುದಂತೂ ಸರಿಯೇ.

3. ಮೊದಲ ಪತ್ರ ಮಾರಿದವರಿಗೆ.

ನಮ್ಮ ದೇಶದ .32 ರಿವಾಲ್ವರುಗಳು ಬಹುಕಾಲ ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಗಳಿಂದಲೇ, ಅದರಲ್ಲೂ ಕಾನ್ಪುರದಿಂದ ಬಂದವು. 2014ರಲ್ಲಿ ಮಹಿಳೆಯರಿಗೆಂದು ಹೊರಬಂದ ಹಗುರ ‘ನಿರ್ಭೀಕ್’ ಕೂಡ ಅಲ್ಲಿಯದೇ. 2021ರ ಅಕ್ಟೋಬರ್ 1ರಿಂದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಹೋಗಿ ಅದರ 41 ಕಾರ್ಖಾನೆಗಳು 7 ಕಂಪನಿಗಳಾಗಿ ಹಂಚಿಹೋಗಿವೆ. ಹಳೆಯ ವಾರಂಟಿ ಕಾರ್ಡಿನಲ್ಲಿ ಹಳೆಯ ಹೆಸರೇ ಇರುತ್ತದೆ, ಆದ್ದರಿಂದ ಈಗಿನ ಹೆಸರು ವಿಳಾಸ ವಿಚಾರಿಸಿಕೊಂಡೇ ಬರೆಯಬೇಕು. ಮಾರಿದ ಅಂಗಡಿಗೂ ತಯಾರಕರಿಗೂ ಒಂದೇ ದಿನ ರಿಜಿಸ್ಟರ್ಡ್ ಪತ್ರ ಹಾಕಿ. ಆಯುಧದ ನಂಬರು, ಬಿಲ್ಲಿನ ತಾರೀಖು, ದೋಷದ ವಿವರ ಇಷ್ಟಿದ್ದರೆ ಸಾಕು. ಫೋನಿನಲ್ಲಿ ‘ತಗೊಂಡ್ ಬನ್ನಿ ನೋಡೋಣ’ ಎಂದದ್ದು ಮುಂದೆ ಯಾವ ಕೆಲಸಕ್ಕೂ ಬಾರದು. ಎಲ್ಲಿಗೆ ತರಬೇಕು, ಯಾರು ಸ್ವೀಕರಿಸುತ್ತಾರೆ ಎಂಬುದು ಬರಹದಲ್ಲಿ ಬರುವವರೆಗೂ ಆಯುಧ ಮನೆ ಬಿಡಬಾರದು.

4. ಒಯ್ಯುವುದು ಯಾರು, ಯಾವ ದಾರಿಯಲ್ಲಿ?

ಜನ ಹೆಚ್ಚಾಗಿ ಎಡವುವುದು ಇಲ್ಲಿ. ಕಾಯ್ದೆಯ 3ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಲೈಸೆನ್ಸ್‌ದಾರರು ಜೊತೆಗಿದ್ದರೆ, ಅಥವಾ ಅವರ ಲಿಖಿತ ಅಧಿಕಾರ ಪತ್ರವಿದ್ದರೆ, ಲೈಸೆನ್ಸ್ ಇಲ್ಲದ ಇನ್ನೊಬ್ಬರು ರಿಪೇರಿಗಾಗಿ ಆಯುಧ ಒಯ್ಯಬಹುದು. ವಯಸ್ಸಾದ ಲೈಸೆನ್ಸ್‌ದಾರರ ಮನೆಯವರಿಗೆ ಇದು ದೊಡ್ಡ ಆಸರೆ. ಆದರೆ ಆ ಪತ್ರ ಬಾಯಿಮಾತಿನದಾಗಬಾರದು. ಆಯುಧದ ನಂಬರು, ಒಯ್ಯುವವರ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಲ್ಲವನ್ನೂ ಬರೆದು ಸಹಿ ಹಾಕಿರಬೇಕು. ಅರಕಲಗೂಡಿನ ಹಿರಿಯರೊಬ್ಬರು ಮಗನ ಕೈಗೆ ರಿವಾಲ್ವರ್ ಮತ್ತು ಲೈಸೆನ್ಸ್ ಪುಸ್ತಕ ಕೊಟ್ಟು ಕಳಿಸಿದ್ದರು, ಪತ್ರ ಬರೆದಿರಲಿಲ್ಲ. ದಾರಿಯಲ್ಲಿ ತಪಾಸಣೆಗೆ ಸಿಕ್ಕಿ, ‘ಅಪ್ಪನದೇ ಸ್ವಾಮಿ’ ಎಂದು ಆ ಹುಡುಗ ಎಷ್ಟು ಹೇಳಿದರೂ ಠಾಣೆಯ ಮೆಟ್ಟಿಲು ಹತ್ತುವುದು ತಪ್ಪಲಿಲ್ಲ. ಅರ್ಧ ಪುಟದ ಬರಹ ಉಳಿಸಬಹುದಾಗಿದ್ದ ಸಂಕಟ ಅದು.

ಲೈಸೆನ್ಸಿನ ವ್ಯಾಪ್ತಿ ಇನ್ನೊಂದು. ಪುಸ್ತಕದಲ್ಲಿ ‘ಹಾಸನ ಜಿಲ್ಲೆ’ ಎಂದೋ ‘ಕರ್ನಾಟಕ ರಾಜ್ಯ’ ಎಂದೋ ಬರೆದಿದ್ದರೆ ಆ ಗಡಿಯಾಚೆ ಆಯುಧ ಹಿಡಿದು ಹೋಗುವಂತಿಲ್ಲ. ಅಧಿಕಾರ ಪತ್ರ ಆ ವ್ಯಾಪ್ತಿಯನ್ನು ಹಿಗ್ಗಿಸುವುದಿಲ್ಲ. ಕಾರ್ಖಾನೆ ಬೇರೆ ರಾಜ್ಯದಲ್ಲಿದ್ದರೆ ಡಿ.ಸಿ. ಕಚೇರಿಗೆ ಅರ್ಜಿ ಕೊಟ್ಟು ಅನುಮತಿ ಪಡೆದೇ ಹೊರಡಬೇಕು. ಇದಕ್ಕಿಂತ ನಾನು ಹೇಳುವ ದಾರಿ, ಬೆಂಗಳೂರು ಅಥವಾ ಮೈಸೂರಿನ ಲೈಸೆನ್ಸ್ ಹೊಂದಿದ ಡೀಲರ್ ಮೂಲಕ ಕಳಿಸುವುದು. ಅವರ ರಿಜಿಸ್ಟರಿನಲ್ಲಿ ನಂಬರು ಏರಿ, ನಿಮ್ಮ ಕೈಗೆ ಸಹಿ ಮೊಹರಿನ ರಸೀದಿ ಬಂದ ಮೇಲೆ ಮುಂದಿನ ಸಾಗಣೆಯ ಹೊಣೆ ಅವರದು. ಖರ್ಚು ಸ್ವಲ್ಪ ಹೆಚ್ಚು, ನೆಮ್ಮದಿ ಅದಕ್ಕಿಂತ ಹೆಚ್ಚು.

ಹೊಳೆನರಸೀಪುರದವರಿಗೆ ಮೈಸೂರಿನ ರೈಲಿದೆ. 2017ರಲ್ಲಿ ಶ್ರವಣಬೆಳಗೊಳದ ಮಾರ್ಗ ತೆರೆದ ಮೇಲೆ ಚನ್ನರಾಯಪಟ್ಟಣದವರಿಗೆ ಬೆಂಗಳೂರೂ ಹತ್ತಿರವಾಯಿತು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರಿಗೆ ಸ್ವಂತ ವಾಹನವೇ ಕ್ಷೇಮ. ಯಾವುದರಲ್ಲಿ ಹೋದರೂ ಸಿಲಿಂಡರ್ ಬರಿದಾಗಿರಲಿ, ಆಯುಧ ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ತೋಟಾ ಜೊತೆಗೆ ಬೇಡ, ರಿಪೇರಿಗೆ ಅವುಗಳ ಅಗತ್ಯವಿಲ್ಲ. ತೋಟಾಗಳನ್ನು ಅಂಚೆ ಪಾರ್ಸೆಲ್ಲಿನಲ್ಲಿ ಕಳಿಸುವ ಯೋಚನೆಯನ್ನಂತೂ ಮಾಡಲೇಬಾರದು.

5. ಹೊರಡುವ ಮೊದಲು ಲೈಸೆನ್ಸಿನ ಕೊನೆಯ ತಾರೀಖು ನೋಡಿ.

ಲೈಸೆನ್ಸಿನ ಅವಧಿ ಈಗ 5 ವರ್ಷ, ಮೊದಲು 3 ಇತ್ತು. ಆಯುಧ ಕಾರ್ಖಾನೆಯಲ್ಲಿರುವಾಗ ಅವಧಿ ಮುಗಿದರೆ ಮರಳಿ ಪಡೆಯುವ ಹಕ್ಕೇ ನಿಮಗಿರುವುದಿಲ್ಲ. ಹಾಗಾಗಿ ನವೀಕರಣ ಮೊದಲು, ರಿಪೇರಿ ನಂತರ. ಚುನಾವಣೆಯ ಲೆಕ್ಕವೂ ಇರಲಿ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಹಾಸನದಲ್ಲಿ ಮತದಾನ ಏಪ್ರಿಲ್ 26ಕ್ಕೆ ಆಯಿತು. ಅಂಥ ಹೊತ್ತಿನಲ್ಲಿ ಆಯುಧ ಡಿಪಾಸಿಟ್ ಮಾಡಿ ಎಂಬ ಸೂಚನೆ ಬಂದರೆ, ನಿಮ್ಮದು ರಿಪೇರಿಯಲ್ಲಿದೆ ಎಂಬುದಕ್ಕೆ ಡೀಲರ್ ರಸೀದಿಯ ನಕಲನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

6. ಬಂದದ್ದು ಅದೇ ಆಯುಧವೋ?

ದೋಷ ಸರಿಹೋಗದಿದ್ದರೆ ಬದಲಿ ರಿವಾಲ್ವರ್ ಕೊಡುವುದುಂಟು. ಗ್ರಾಹಕರಿಗೆ ಅದು ಸಂತೋಷದ ಸುದ್ದಿಯೇ. ಆದರೆ ನಿಮ್ಮ ಪುಸ್ತಕದಲ್ಲಿರುವುದು ಹಳೆಯ ನಂಬರು. ಹೊಸ ನಂಬರಿನ ಆಯುಧ ಕಾನೂನಿನ ಕಣ್ಣಿಗೆ ಬೇರೆಯೇ ಆಯುಧ. ಡಿ.ಸಿ. ಕಚೇರಿಯಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ನಮೂದಿಸುವ ಆದೇಶವಾಗುವವರೆಗೆ ಅದು ಡೀಲರ್ ವಶದಲ್ಲೇ ಇರಲಿ. ಚೌಕಟ್ಟಿನ ಮೇಲಿನ ನಂಬರು, ಪರೀಕ್ಷಾ ಮುದ್ರೆ, ಬಿಲ್ಲು, ಪುಸ್ತಕ ಈ ನಾಲ್ಕನ್ನೂ ಅಂಗಡಿಯಲ್ಲೇ ಹಗಲು ಬೆಳಕಿನಲ್ಲಿ ತಾಳೆ ನೋಡಿ.

ಸರಿಯಾಗಿದೆಯೋ ಎಂದು ತೋಟದಲ್ಲಿ ಹಾರಿಸಿ ನೋಡುವುದು ಬೇಡವೇ ಬೇಡ. ತೆಂಗಿನ ಸಾಲಿನಾಚೆ ಯಾರದೋ ದನ ಮೇಯುತ್ತಿರುತ್ತದೆ, ಯಾರೋ ಕಳೆ ತೆಗೆಯುತ್ತಿರುತ್ತಾರೆ. ಪರೀಕ್ಷೆ ಮಾಡಿದ ವರದಿಯನ್ನು ರಿಪೇರಿ ಮಾಡಿದವರಿಂದಲೇ ಕೇಳಿ ಪಡೆಯಿರಿ.

7. ಸರಿಮಾಡಿ ಕೊಡದಿದ್ದರೆ ಹಾಸನದಲ್ಲೇ ದೂರು.

‘ವ್ಯಾಜ್ಯವೇನಿದ್ದರೂ ನಮ್ಮೂರಿನ ಕೋರ್ಟಿನಲ್ಲೇ’ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿರುವುದನ್ನು ಓದಿ ಎಷ್ಟೋ ಜನ ಸುಮ್ಮನಾಗುತ್ತಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯೊಳಗಿನ ಖರೀದಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ.

ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ ನೋಡಬಹುದು. ಚನ್ನರಾಯಪಟ್ಟಣದ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ ತಿಂಗಳುಗಟ್ಟಲೆ ಉತ್ತರಿಸದಿದ್ದ ಅಂಗಡಿಯವರು ನಮ್ಮ ನೋಟಿಸು ತಲುಪಿದ ಮೇಲೆ ಮಾತಿಗೆ ಬಂದರು. ಮೊದಲ ಪತ್ರದ ಅಂಚೆ ರಸೀದಿ, ದೋಷದ ಫೋಟೋ, ಆಯುಧ ಕೊಟ್ಟ ದಿನದ ಮೊಹರಿನ ರಸೀದಿ ಮೂರೂ ವ್ಯಾಪಾರಿಯ ಹತ್ತಿರ ಇದ್ದದ್ದರಿಂದ ‘ಆಯುಧ ನಮ್ಮಲ್ಲಿಗೆ ಬಂದೇ ಇಲ್ಲ’ ಎನ್ನಲು ಎದುರಿನವರಿಗೆ ದಾರಿಯಿರಲಿಲ್ಲ. ಸಿಲಿಂಡರನ್ನು ಖರ್ಚಿಲ್ಲದೆ ಬದಲಿಸಿಕೊಟ್ಟರು, ಚೌಕಟ್ಟಿನ ನಂಬರು ಅದೇ ಉಳಿದಿದ್ದರಿಂದ ಲೈಸೆನ್ಸಿನಲ್ಲಿ ತಿದ್ದುಪಡಿಯೂ ಬೇಕಾಗಲಿಲ್ಲ.