ಜಿಸಿಎನ್4 ಕಲಿಸಿದ ಪಾಠಗಳು

ಬ್ರೆಡ್ ಹುದುಗಿಸುವ ಯೀಸ್ಟ್‌ಗೆ ಅಮೈನೊ ಆಮ್ಲಗಳು ಸಾಲದೆ ಹೋದಾಗ, ಅವನ್ನು ತಾನೇ ತಯಾರಿಸಿಕೊಳ್ಳಲು ಬೇಕಾದ ಜೀನ್‌ಗಳನ್ನು ಚುರುಕುಗೊಳಿಸುವ ಪ್ರೋಟೀನ್ ಜಿಸಿಎನ್4. ಇದರ ಮೇಲೆ ಕೆಲಸ ಶುರುಮಾಡುವ ಕಿರಿಯರಿಗೆ ನಾನು ಹೇಳುವ ಮಾತುಗಳಿವು.

1. ಎಂಆರ್‌ಎನ್‌ಎ ಅಳೆದಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಹೊಟ್ಟೆ ತುಂಬಿದ ಯೀಸ್ಟ್‌ನಲ್ಲೂ ಜಿಸಿಎನ್4ರ ಎಂಆರ್‌ಎನ್‌ಎ ಇರುತ್ತದೆ, ಪ್ರೋಟೀನ್ ಮಾತ್ರ ತೀರಾ ಕಡಿಮೆ. ಗುಟ್ಟಿರುವುದು ಆ ಎಂಆರ್‌ಎನ್‌ಎಯ ಮುಂಭಾಗದ ನಾಲ್ಕು ಪುಟ್ಟ ಓದುಚೌಕಟ್ಟುಗಳಲ್ಲಿ. 1980ರ ದಶಕದಿಂದ ಅಲನ್ ಹಿನ್ನೆಬುಷ್ ಇದನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿದರು. ರೈಬೋಸೋಮ್ ಮೊದಲನೆಯದನ್ನು ಓದಿ ಮುಂದೆ ಸಾಗುತ್ತದೆ. ಆಹಾರ ಹೇರಳವಾಗಿದ್ದರೆ, ಮತ್ತೆ ಓದು ಶುರುಮಾಡಲು ಬೇಕಾದ ಇಐಎಫ್2 ಸಂಕೀರ್ಣ ಬೇಗ ಸಿಗುತ್ತದೆ. ಮೂರನೆಯದನ್ನೋ ನಾಲ್ಕನೆಯದನ್ನೋ ಓದಿ ರೈಬೋಸೋಮ್ ಅಲ್ಲೇ ಕಳಚಿಕೊಳ್ಳುತ್ತದೆ. ಅಮೈನೊ ಆಮ್ಲ ಕಡಿಮೆಯಾದರೆ, ಬರಿಗೈಯ ಟಿಆರ್‌ಎನ್‌ಎಗಳು ಜಿಸಿಎನ್2 ಎಂಬ ಕೈನೇಸನ್ನು ಎಬ್ಬಿಸುತ್ತವೆ. ಅದು ಇಐಎಫ್2ಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಸಂಕೀರ್ಣ ಸಿಗುವುದು ತಡವಾಗುತ್ತದೆ. ಅಷ್ಟರಲ್ಲಿ ರೈಬೋಸೋಮ್ ನಾಲ್ಕನೆಯದನ್ನೂ ದಾಟಿ, ಜಿಸಿಎನ್4ರ ನಿಜವಾದ ಆರಂಭಕ್ಕೆ ಬಂದು ಮುಟ್ಟುತ್ತದೆ. ಕೋಶದ ಒಟ್ಟು ಪ್ರೋಟೀನ್ ತಯಾರಿ ಕುಗ್ಗುವ ಹೊತ್ತಿನಲ್ಲೇ ಈ ಪ್ರೋಟೀನ್ ಹೆಚ್ಚುತ್ತದೆ! ಎಷ್ಟು ಸಲ ವಿವರಿಸಿದರೂ ನನಗೆ ಇದರ ಬೆರಗು ಇಳಿದಿಲ್ಲ. ವೆಸ್ಟರ್ನ್ ಬ್ಲಾಟ್ ಮಾಡದೆ ಇದು ಕಣ್ಣಿಗೆ ಬೀಳದು.

2. ತಳಿಯ ಜಾತಕ ನೋಡಿ. ಹಸಿವು ತರಿಸಲು ಸಾಮಾನ್ಯವಾಗಿ ಬಳಸುವುದು 3-ಅಮೈನೊಟ್ರಯಜೋಲ್. ಅದು ಹಿಸ್ಟಿಡಿನ್ ತಯಾರಿಯ ಹಿಸ್3 ಕಿಣ್ವವನ್ನು ತಡೆಯುತ್ತದೆ. ಆದರೆ ಎಷ್ಟೋ ಲ್ಯಾಬ್‌ಗಳಲ್ಲಿರುವ ಬಿವೈ4741 ತಳಿಯಲ್ಲಿ ಕೆಲಸ ಮಾಡುವ ಹಿಸ್3 ಜೀನೇ ಇಲ್ಲ. ಅದನ್ನು ಹಿಸ್ಟಿಡಿನ್ ಹಾಕಿಯೇ ಬೆಳೆಸಬೇಕು, ಹಾಕಿದ ಮೇಲೆ ಈ ಔಷಧದಿಂದ ಪ್ರಯೋಜನವಿಲ್ಲ. ಅಂಥ ತಳಿಗೆ ಸಲ್ಫೋಮೆಟುರಾನ್ ಮೀಥೈಲ್ ಸರಿ. ಅದು ಐಸೊಲ್ಯೂಸಿನ್ ಮತ್ತು ವ್ಯಾಲಿನ್ ತಯಾರಿಯನ್ನು ನಿಲ್ಲಿಸುತ್ತದೆ, ಹಾಗಾಗಿ ಮಾಧ್ಯಮದಿಂದ ಅವೆರಡನ್ನೂ ಬಿಡಬೇಕು.

3. ಕೈ ಚುರುಕಾಗಿರಲಿ. ಚೆನ್ನಾಗಿ ಉಂಡ ಕೋಶದಲ್ಲಿ ಜಿಸಿಎನ್4ರ ಅರ್ಧಾಯುಷ್ಯ ಕೆಲವೇ ನಿಮಿಷ, ಪ್ರೋಟಿಯಾಸೋಮ್ ಅದನ್ನು ನುಂಗಿಬಿಡುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ತೊಳೆಯುತ್ತ ಕೂತರೆ ಆ ತೊಳೆಯುವಿಕೆಯೇ ಕೋಶಕ್ಕೆ ಉಪವಾಸ. ಫ್ಲಾಸ್ಕಿನಿಂದ ತೆಗೆದ ಕಲ್ಚರನ್ನು ನೇರವಾಗಿ ಟ್ರೈಕ್ಲೋರೊಅಸಿಟಿಕ್ ಆಮ್ಲಕ್ಕೆ ಸುರಿಯಿರಿ. ಆಮೇಲೆ ಸ್ಯಾಂಪಲ್ ಬಫರ್ ಹಾಕಿದಾಗ ನೀಲಿ ಬಣ್ಣ ಹಳದಿಗೆ ತಿರುಗಿದರೆ ಆಮ್ಲ ಉಳಿದಿದೆ ಎಂದೇ ಲೆಕ್ಕ. ಮತ್ತೆ ನೀಲಿಯಾಗುವವರೆಗೆ ಟ್ರಿಸ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ.

4. ಲ್ಯಾಕ್‌ಜೆಡ್ ರಿಪೋರ್ಟರ್ ಅನುವಾದ ಹೆಚ್ಚಿತೇ ಎಂದು ಹೇಳುತ್ತದೆ. ಜಿಸಿಎನ್4 ಎಷ್ಟು ಹೊತ್ತು ಉಳಿಯಿತು ಎಂದು ಅದನ್ನು ಕೇಳಬೇಡಿ.

5. ಜಿಸಿಎನ್4 ಕಂಡರೆ ಹಸಿವು ಎಂದುಕೊಳ್ಳುವ ಅಭ್ಯಾಸ ಬಿಡಬೇಕು. ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಸುನಿಲ್ ಲಕ್ಷ್ಮಣ್ ಅವರ ತಂಡ, ಮೆಥಿಯೊನಿನ್ ಸಮೃದ್ಧವಾಗಿದ್ದಾಗಲೂ ಜಿಸಿಎನ್4 ಹೆಚ್ಚುವುದನ್ನು ತೋರಿಸಿದೆ. ಆಗ ಅದು ಅಮೈನೊ ಆಮ್ಲಗಳ ತಯಾರಿಯನ್ನು ಏರಿಸಿ ಬೆಳವಣಿಗೆಗೆ ಒತ್ತಾಸೆಯಾಗುತ್ತದೆ. ನಮ್ಮ ಊರಿನಲ್ಲೇ ನಡೆದ ಈ ಕೆಲಸವನ್ನು ವಿದ್ಯಾರ್ಥಿಗಳಿಗೆ ಮೊದಲು ಓದಿಸುತ್ತೇನೆ. ಇದರ ಪರಿಣಾಮ ದಿನನಿತ್ಯದ ಬೆಂಚಿಗೂ ತಟ್ಟುತ್ತದೆ: ಬಿವೈ4741ರಲ್ಲಿ ಮೆಟ್15 ಜೀನ್ ಕೂಡ ಇಲ್ಲವಾದ್ದರಿಂದ ಅದಕ್ಕೆ ಮೆಥಿಯೊನಿನ್ ಹಾಕುವುದು ರೂಢಿ. ನಿಮ್ಮ ನೋಟ್‌ಬುಕ್‌ನಲ್ಲಿ ‘ಕನಿಷ್ಠ ಮಾಧ್ಯಮ’ ಎಂದಷ್ಟೇ ಬರೆದು ಬಿಡದೆ, ಯಾವ ಅಮೈನೊ ಆಮ್ಲ ಎಷ್ಟು ಹಾಕಿದಿರಿ ಎಂಬುದನ್ನೂ ನಮೂದಿಸಿ.